ಖಾಲಿ ಕುರ್ಚಿಯ ಅವಿರೋಧ ಆಯ್ಕೆ

ಕಾರ್ಪೊರೇಟರ್ ಕೆಲಸ ಮಾಡದಿದ್ದರೆ ಐದು ವರ್ಷ ಯಾಕೆ ಸಹಿಸಿಕೊಳ್ಳಬೇಕು, ನಡುವೆಯೇ ವಾಪಸ್ ಕರೆಸಿಕೊಳ್ಳುವ ಹಕ್ಕು ಕೊಡಿ ಅಂತ ನಮ್ಮ ಬಡಾವಣೆಯವರು ಎದ್ದು ನಿಂತರು. ನ್ಯಾಯವಾದ ಬೇಡಿಕೆಯೇ. ಒಂದೇ ಒಂದು ಸಣ್ಣ ತೊಡಕಿತ್ತು. ವಾಪಸ್ ಕರೆಸಿಕೊಳ್ಳೋಣ ಅಂದರೆ ಇಡೀ ಬೆಂಗಳೂರಿನಲ್ಲಿ ಒಬ್ಬ ಕಾರ್ಪೊರೇಟರೂ ಇರಲಿಲ್ಲ.

ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ ಬಂದರು, ಹೋದರು, ಇನ್ನೊಬ್ಬರು ಬಂದರು. ಚುನಾವಣೆ ಮಾತ್ರ ಬರಲಿಲ್ಲ. ಪಾಪ, ವಾರ್ಡ್ ಎಣಿಸಿ ಮುಗಿದಿರಲಿಲ್ಲ. 198 ಇದ್ದದ್ದು 243 ಆಯಿತು. ಸರ್ಕಾರ ಬದಲಾದ ಮೇಲೆ 225 ಆಯಿತು. 2025ರ ಸೆಪ್ಟೆಂಬರ್ 2ರಂದು ಪಾಲಿಕೆಯೇ ಐದಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಬಂತು. ವಾರ್ಡ್ ಲೆಕ್ಕ 369ಕ್ಕೆ ಏರಿತು. ಹೇಗೆ ಎಣಿಸಿದರೂ ಸದಸ್ಯರ ಲೆಕ್ಕ ಮಾತ್ರ ಸೊನ್ನೆಯೇ. ಕಾರ್ಪೊರೇಟರ್‌ನ ಒಂದು ಪೂರ್ತಿ ಅವಧಿ, ಯಾರೂ ಗೆಲ್ಲದೆ, ಯಾರೂ ಸೋಲದೆ ಕಳೆದುಹೋಗಿತ್ತು.

ಮಧ್ಯಪ್ರದೇಶದಲ್ಲಿ ಪಟ್ಟಣದ ಅಧ್ಯಕ್ಷರನ್ನು ಇಳಿಸುವ ಮತದಾನ ಉಂಟು. ಮೊದಲು ಮುಕ್ಕಾಲು ಪಾಲು ಸದಸ್ಯರು ಸಹಿ ಹಾಕಬೇಕು, ಆಮೇಲೆ ಜನ ಓಟು ಹಾಕಬೇಕು. ಚಿಹ್ನೆ ಎರಡೇ: ತುಂಬಿದ ಕುರ್ಚಿ, ಖಾಲಿ ಕುರ್ಚಿ. ಛತ್ತೀಸಗಢದಲ್ಲಿ 2008ರಲ್ಲಿ ಮೂವರು ಅಧ್ಯಕ್ಷರು ಹೀಗೇ ಮನೆಗೆ ಹೋದರು. ನಮ್ಮ ಮತದಾರರಿಗೆ ಅಂಥ ಹಕ್ಕಿಲ್ಲ. ಬೇಕಾದರೂ ಯಾಕೆ? ಇಲ್ಲಿ ಖಾಲಿ ಕುರ್ಚಿ ಅವಿರೋಧವಾಗಿ ಗೆದ್ದು, ಒಂದು ದಿನವೂ ರಜೆ ಹಾಕದೆ ಅವಧಿ ಪೂರೈಸಿದೆ. ಕಮಿಷನ್ ಕೇಳಿಲ್ಲ, ಪಕ್ಷ ಬದಲಿಸಿಲ್ಲ, ಮೇಯರ್ ಚುನಾವಣೆಗೆ ಮುಂಚೆ ರೆಸಾರ್ಟ್‌ಗೂ ಹೋಗಿಲ್ಲ.

ಆದರೂ ಪಾರ್ಕಿನಲ್ಲಿ ಸಹಿ ಸಂಗ್ರಹ ಶುರುವಾಯಿತು. ಅರ್ಜಿಯಲ್ಲಿ ‘ಸದಸ್ಯರ ಹೆಸರು’ ಅಂತ ಒಂದು ಚುಕ್ಕಿ ಗೆರೆ. ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಒಬ್ಬರ ಪೆನ್ನು ಅಲ್ಲೇ ನಿಂತಿತು.

“ಇಲ್ಲಿ ಏನ್ ಬರೀಲಿ?”

“ಇಲ್ಲ ಅಂತ ಬರೀರಿ ಸಾರ್.”

“ಇಲ್ಲದೋರನ್ನ ತೆಗೀರಿ ಅಂತ ನಾನು ಸಹಿ ಹಾಕ್ಬೇಕಾ?”

“ಕೆಲಸ ಆಗಿಲ್ಲ ಅನ್ನೋದು ನಿಜ ಅಲ್ವಾ ಸಾರ್?”

ಅದು ನಿಜ. ಸಹಿ ಬಿತ್ತು. ವಾರ್ಡ್ ಯಾವುದು ಎಂಬಲ್ಲಿ ಮತ್ತೆ ಜಗಳ. ಒಬ್ಬರು ಹಳೇ ನಂಬರ್ ಹೇಳಿದರು, ಇನ್ನೊಬ್ಬರು ಮೊಬೈಲ್ ತೆಗೆದು ಹೊಸ ನಂಬರ್ ಹೇಳಿದರು. ನಾವು ಯಾವ ಪಾಲಿಕೆಗೆ ಬರ್ತೀವಿ ಅಂತ ಮೂರನೆಯವರು ಕೇಳಿದರು. ಎಲ್ಲರೂ ಕಾಫಿಗೆ ಹೋದರು.

ಅಷ್ಟರಲ್ಲಿ ನಮ್ಮ ಹಳೇ ಕಾರ್ಪೊರೇಟರೇ ಬಂದರು. ಗಣೇಶನ ಹಬ್ಬದ ಫ್ಲೆಕ್ಸ್‌ನಲ್ಲಿ (ಫ್ಲೆಕ್ಸ್‌ಗೆ ನಿಷೇಧ ಇದೆ, ಗೊತ್ತು) ಅವರ ಹೆಸರಿನ ಹಿಂದೆ ‘ಮಾಜಿ’ ಅಂತಲೂ ಇರುತ್ತದೆ. ಭೂತಗನ್ನಡಿ ಹಿಡಿದರೆ ಕಾಣುತ್ತದೆ. ಅರ್ಜಿ ಪೂರ್ತಿ ಓದಿದರು. “ಕೆಲಸ ಮಾಡದೋರನ್ನ ಬಿಡಲೇಬಾರದು” ಅಂದರು. ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿ, ಅರ್ಜಿ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡರು.

“ಈ ಹೋರಾಟಕ್ಕೆ ಫ್ಲೆಕ್ಸ್ ನಂದು” ಅಂದರು.