ಟಿಡಿಎಸ್ ನೋಡಿ ನೀರು ಕುಡಿಯಬಹುದಾ? – ಪರ, ವಿರೋಧ

ಪರ: ಮನೆಯಲ್ಲೊಂದು ಮೀಟರ್ ಇರಲಿ

ಲೀಟರಿಗೆ 100 ಮಿಲಿಗ್ರಾಂ ಲವಣ ಇರುವ ನೀರನ್ನು ಒಂದು ಲೋಟಕ್ಕೆ, 1,500 ಮಿಲಿಗ್ರಾಂ ಇರುವುದನ್ನು ಇನ್ನೊಂದಕ್ಕೆ ಹಾಕಿಡಿ. ಯಾವುದು ಯಾವುದು ಅಂತ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ. ಎರಡೂ ತಿಳಿಯಾಗಿಯೇ ಇರುತ್ತವೆ. ನಾಲಿಗೆಗೆ ಗೊತ್ತಾಗುತ್ತದೆ, ನಿಜ. ಆದರೆ ನಾಲಿಗೆ ಬೇಗ ಒಗ್ಗಿಹೋಗುತ್ತದೆ. ವರ್ಷಗಟ್ಟಲೆ ಗಡಸು ನೀರು ಕುಡಿದವರಿಗೆ ಅದೇ ಸರಿಯಾದ ರುಚಿ, ಮಿಕ್ಕಿದ್ದೆಲ್ಲ ಸಪ್ಪೆ. ಮನೆಗೆ ಬಂದ ನೆಂಟರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಾಗಲೇ ಅನುಮಾನ ಬರುವುದು. ಪೆನ್ನಿನಷ್ಟು ಉದ್ದದ ಟಿಡಿಎಸ್ ಮೀಟರೊಂದು ಅರ್ಧ ನಿಮಿಷದಲ್ಲಿ ಲವಣದ ಅಂಕಿ ತೋರಿಸುವಾಗ ಅದನ್ನು ಬೇಡ ಅನ್ನಲು ಕಾರಣವೇ ಇಲ್ಲ.

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಎಲ್ಲ ಘನವಸ್ತುಗಳ ಒಟ್ಟು ಮೊತ್ತ. ಮಳೆಯಾಗಿ ಬೀಳುವಾಗ ನೀರಿನಲ್ಲಿ ಲವಣ ತೀರಾ ಕಡಿಮೆ. ಮಣ್ಣು, ಬಂಡೆಗಳ ನಡುವೆ ಇಳಿಯುತ್ತಾ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬನೇಟ್, ಕ್ಲೋರೈಡ್, ಸಲ್ಫೇಟ್ ಎಲ್ಲವನ್ನೂ ಒಂದಿಷ್ಟು ಕರಗಿಸಿಕೊಳ್ಳುತ್ತದೆ. ಆಳದಲ್ಲಿ ಹೆಚ್ಚು ಕಾಲ ನಿಂತಷ್ಟೂ ಸಾಮಾನ್ಯವಾಗಿ ಲವಣ ಜಾಸ್ತಿ. ಲೀಟರಿಗೆ 600 ಮಿಲಿಗ್ರಾಂ ಒಳಗಿದ್ದರೆ ರುಚಿ ಚೆನ್ನಾಗಿರುತ್ತದೆ, 1,000 ದಾಟಿದರೆ ಕುಡಿಯಲು ಹಿತವಲ್ಲ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಭಾರತೀಯ ಮಾನಕ ಬ್ಯೂರೋ ಹಾಕಿರುವ ಗೆರೆ 500. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 2,000ದವರೆಗೂ ಒಪ್ಪಬಹುದು ಎನ್ನುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯದ್ದೂ 500. ಇಷ್ಟು ಕಡೆ ಈ ಅಂಕಿಗೆ ಜಾಗ ಸಿಕ್ಕಿದೆ ಅಂದರೆ ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ, ಅಲ್ವಾ?

ಮೀಟರಿನ ನಿಜವಾದ ಉಪಯೋಗ ಇರುವುದು ಬದಲಾವಣೆ ಹಿಡಿಯುವುದರಲ್ಲಿ. ಆರ್‌ಒ ಯಂತ್ರವನ್ನೇ ತೆಗೆದುಕೊಳ್ಳಿ, ಅಂದರೆ ನೀರನ್ನು ಒತ್ತಡದಿಂದ ತೆಳು ಪೊರೆಯ ಮೂಲಕ ಹಾಯಿಸಿ ಲವಣ ತೆಗೆಯುವ ಯಂತ್ರ. ಒಳಗೆ ಹೋಗುವ ನೀರು 800, ಹೊರಗೆ ಬರುವುದು 60 ಇದ್ದರೆ ಅದರ ಪೊರೆ ನೂರಕ್ಕೆ 92ಕ್ಕಿಂತ ಹೆಚ್ಚು ಲವಣವನ್ನು ತಡೆಯುತ್ತಿದೆ ಎಂದರ್ಥ. ಕೆಲವು ತಿಂಗಳ ನಂತರ ಒಳಗಿನದು ಅದೇ 800 ಇದ್ದು ಹೊರಗಿನದು 200ಕ್ಕೆ ಏರಿದರೆ? ಒಂದೋ ಪೊರೆ ಸವೆದಿದೆ, ಇಲ್ಲವೇ ಎಲ್ಲೋ ಒಂದು ರಬ್ಬರ್ ಉಂಗುರ ಸಡಿಲಾಗಿ ಕಚ್ಚಾ ನೀರು ನುಸುಳುತ್ತಿದೆ. ಇದು ಕಣ್ಣಿಗೂ ಕಾಣಲ್ಲ, ರುಚಿಯಲ್ಲೂ ಅಷ್ಟಾಗಿ ಗೊತ್ತಾಗಲ್ಲ. ರಿಪೇರಿಗೆ ಬಂದವರು "ಪೊರೆ ಹೋಗಿದೆ, ಬದಲಾಯಿಸಬೇಕು" ಎಂದಾಗ ನಿಜವೋ ಸುಳ್ಳೋ ನೋಡಲು ಮನೆಯವರ ಕೈಯಲ್ಲಿ ಇರುವ ಸಾಧನ ಇದೊಂದೇ.

ಬಾವಿ, ಕೊಳವೆಬಾವಿಗೂ ಇದೇ ಮಾತು. ಯಾವಾಗಲೂ 400ರ ಆಸುಪಾಸಿನಲ್ಲಿರುವ ನೀರು ಇದ್ದಕ್ಕಿದ್ದಂತೆ 700 ತೋರಿಸಿದರೆ ಕೆಳಗೆ ಏನೋ ಆಗಿದೆ. ಕಡಲ ಪಕ್ಕವಾದರೆ ಉಪ್ಪು ನೀರು ಒಳಗೆ ನುಗ್ಗಿರಬಹುದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35,000 ಮಿಲಿಗ್ರಾಂ ಲವಣ ಇರುವುದರಿಂದ ಸ್ವಲ್ಪ ಬೆರೆತರೂ ಅಂಕಿ ಜಿಗಿಯುತ್ತದೆ. ಕಡಲಿನಿಂದ ದೂರವಾದರೆ ಚರಂಡಿ ನೀರು ಸೇರಿರಬಹುದು. ಯಾವುದು ಅಂತ ಮೀಟರ್ ಹೇಳದಿದ್ದರೂ "ಹೋಗಿ ನೋಡು" ಅಂತ ಹೇಳಿತಲ್ಲ, ಅಷ್ಟು ಸಾಕು.

ಲವಣ ಜಾಸ್ತಿಯಾದರೆ ಕೆಡುವುದು ರುಚಿಯೊಂದೇ ಅಂತಲೂ ಅಂದುಕೊಳ್ಳಬೇಡಿ. ಸಲ್ಫೇಟ್, ಮೆಗ್ನೀಸಿಯಂ ಎರಡೂ ಹೆಚ್ಚಿರುವ ನೀರು ಹೊಸಬರಿಗೆ ಭೇದಿ ಮಾಡಿಸುತ್ತದೆ. ಬಾಂಗ್ಲಾದೇಶದ ಕರಾವಳಿಯಲ್ಲಿ ಉಪ್ಪು ನೀರು ಕುಡಿಯುವ ಗರ್ಭಿಣಿಯರಲ್ಲಿ ರಕ್ತದೊತ್ತಡದ ತೊಂದರೆ ಹೆಚ್ಚು ಎಂದು ಅಲ್ಲಿ ನಡೆದ ಅಧ್ಯಯನಗಳು ತೋರಿಸಿವೆ.

ಕಡಿಮೆ ಟಿಡಿಎಸ್ ನೀರು ವಿಷವಿದ್ದಂತೆ ಎಂಬ ಹೆದರಿಕೆಯೂ ಹಬ್ಬಿದೆ. ಸ್ವಲ್ಪ ಲೆಕ್ಕ ಹಾಕೋಣ. ಲೀಟರಿಗೆ 50 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ ಸಿಗುವುದು 100 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು ಸುಮಾರು 1,000. ಅಂದರೆ ಹತ್ತರಲ್ಲಿ ಒಂದು ಪಾಲು, ಉಳಿದ ಒಂಬತ್ತು ಪಾಲು ಊಟದಿಂದಲೇ ಬರಬೇಕು. ಬರ್ಮುಡಾ ದ್ವೀಪದ ಜನ ತಲೆತಲಾಂತರದಿಂದ ಮನೆಯ ಚಾವಣಿಗೆ ಬಿದ್ದ ಮಳೆನೀರನ್ನೇ ಹಿಡಿದಿಟ್ಟು ಕುಡಿಯುತ್ತಾ ಬಂದಿದ್ದಾರೆ. ಹೊಟ್ಟೆತುಂಬ ಊಟ ಮಾಡುವವರಿಗೆ ಹಗುರ ನೀರಿನಿಂದ ದೊಡ್ಡ ನಷ್ಟವೇನೂ ಇಲ್ಲ.

ವಿರೋಧ: ಎಷ್ಟಿದೆ ಅಂತ ಗೊತ್ತಾದರೆ ಸಾಲದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಈ ಕಡೆಗೇ. ಮೇಲಿನ ವಾದದಲ್ಲಿ ತಪ್ಪು ಮಾತು ಹೆಚ್ಚೇನೂ ಇಲ್ಲ. ಆದರೆ ಬಹುಪಾಲು ಜನ ಮೀಟರನ್ನು ಪೊರೆ ಪರೀಕ್ಷಿಸಲು ಬಳಸುವುದಿಲ್ಲ. ನೀರು ಕುಡಿಯಬಹುದೋ ಇಲ್ಲವೋ ಎಂದು ತೀರ್ಮಾನಿಸಲು ಬಳಸುತ್ತಾರೆ. ಆ ಕೆಲಸ ಅದರಿಂದ ಆಗುವುದಿಲ್ಲ.

ಯಂತ್ರ ಮಾರುವವರು ಮಾಡಿ ತೋರಿಸುವ ಒಂದು ಆಟವಿದೆ. ಎರಡು ಲೋಟ, ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಸಿ ಕರೆಂಟ್ ಹಾಯಿಸುತ್ತಾರೆ. ಒಂದೆರಡು ನಿಮಿಷಕ್ಕೆ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಮೇಲೆ ಕೊಳೆಯಂಥ ನೊರೆ ತೇಲುತ್ತದೆ. ಆರ್‌ಒ ನೀರು ಹಾಗೇ ತಿಳಿಯಾಗಿ ನಿಂತಿರುತ್ತದೆ. ನೋಡುವವರಿಗೆ ಹೊಟ್ಟೆ ತೊಳಸುತ್ತದೆ. ಅಸಲು ಸಂಗತಿ ಏನೆಂದರೆ, ಆ ಕೊಳೆ ನೀರಿನದ್ದಲ್ಲ, ಕಡ್ಡಿಯದ್ದು. ಲವಣ ಇರುವ ನೀರಿನಲ್ಲಿ ಕರೆಂಟ್ ಸರಾಗವಾಗಿ ಹರಿಯುತ್ತದೆ. ಆಗ ಕಬ್ಬಿಣದ ಕಡ್ಡಿ ಕರಗಿ ತುಕ್ಕಿನ ಗಸಿಯಾಗುತ್ತದೆ. ಲವಣ ಇಲ್ಲದ ನೀರಿನಲ್ಲಿ ಕರೆಂಟ್ ಹರಿಯುವುದೇ ಕಷ್ಟ, ಅದಕ್ಕೇ ಏನೂ ಆಗಲ್ಲ. ಆರ್‌ಒ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಮಾಡಲು ಹೇಳಿ. ಅದೂ ಕಂದಾಗುತ್ತದೆ.

ಟಿಡಿಎಸ್ ಮೀಟರ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಅದು ಘನವಸ್ತುವನ್ನು ತೂಗುವುದಿಲ್ಲ. ನೀರು ಕರೆಂಟನ್ನು ಎಷ್ಟು ಸಾಗಿಸುತ್ತದೆ ಎಂದು ಅಳೆದು, ಅದನ್ನು ಒಂದು ಅಂದಾಜಿನ ಸಂಖ್ಯೆಯಿಂದ ಗುಣಿಸಿ ತೋರಿಸುತ್ತದೆ. ಕೆಲವು ಮೀಟರುಗಳಲ್ಲಿ ಆ ಸಂಖ್ಯೆ 0.5, ಕೆಲವದರಲ್ಲಿ 0.7. ಹಾಗಾಗಿ ವಾಹಕತೆ, ಅಂದರೆ ಕರೆಂಟ್ ಸಾಗಿಸುವ ಗುಣ, ಸೆಂಟಿಮೀಟರಿಗೆ 600 ಮೈಕ್ರೋಸೀಮೆನ್ಸ್ ಇರುವ ಒಂದೇ ನೀರನ್ನು ಒಂದು ಮೀಟರ್ 300 ಅನ್ನುತ್ತದೆ, ಇನ್ನೊಂದು 420 ಅನ್ನುತ್ತದೆ. ಎರಡೂ ಕೆಟ್ಟಿಲ್ಲ. ಇನ್ನು ವಿದ್ಯುದಾವೇಶ ಇಲ್ಲದ ವಸ್ತುಗಳು, ಅಂದರೆ ಸಕ್ಕರೆ, ಎಷ್ಟೋ ಕೀಟನಾಶಕ, ಪೆಟ್ರೋಲಿನ ಅಂಶ, ಇವು ಮೀಟರಿನ ಲೆಕ್ಕಕ್ಕೇ ಬರುವುದಿಲ್ಲ.

ಅಳತೆ ಕರಾರುವಾಕ್ಕಾಗಿದ್ದರೂ ಮೂಲ ತೊಂದರೆ ಹೋಗುವುದಿಲ್ಲ. ಚೀಲದ ತೂಕ ನೋಡಿ ಒಳಗೆ ಏನಿದೆ ಎಂದು ಹೇಳಿದ ಹಾಗೆ ಇದು. ಒಂದು ಬಾವಿಯ 300ರಲ್ಲಿ ಹೆಚ್ಚಿನದು ಕ್ಯಾಲ್ಸಿಯಂ ಬೈಕಾರ್ಬನೇಟ್. ಆರಾಮಾಗಿ ಕುಡಿಯಬಹುದು. ಇನ್ನೊಂದು ಬಾವಿಯ 300ರಲ್ಲಿ 80 ಮಿಲಿಗ್ರಾಂ ನೈಟ್ರೇಟ್. ಹಸುಗೂಸಿಗೆ ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಅದರ ರಕ್ತ ಆಮ್ಲಜನಕವನ್ನು ಸರಿಯಾಗಿ ಸಾಗಿಸಲಾರದೆ ಮೈ ನೀಲಿಗಟ್ಟಬಹುದು. ನೈಟ್ರೇಟಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ 50. ಮೀಟರಿಗೆ ಈ ಎರಡು ಬಾವಿಗಳ ನಡುವೆ ವ್ಯತ್ಯಾಸವೇ ಕಾಣದು.

ಆರ್ಸೆನಿಕ್ ಎಂಬ ವಿಷದ ವಿಚಾರದಲ್ಲಂತೂ ಲೆಕ್ಕ ಇನ್ನೂ ವಿಚಿತ್ರ. ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮನೆಬಳಕೆಯ ಮೀಟರಿನಲ್ಲಿ ಹೆಚ್ಚು ಕಡಿಮೆ ನೂರಕ್ಕೆ ಎರಡರಷ್ಟು ತಪ್ಪು ಸಹಜ ಅಂತಿಟ್ಟುಕೊಳ್ಳಿ. 300ರ ಮೇಲೆ ಅದು 6 ಮಿಲಿಗ್ರಾಂ ಆಯಿತು. ಮೀಟರಿನ ತಪ್ಪಿನೊಳಗೇ ಆರ್ಸೆನಿಕ್ ಮಿತಿಯ 600 ಪಟ್ಟು ಅಡಗಿ ಕೂರಬಹುದು! ಫ್ಲೋರೈಡಿನ ಮಿತಿ 1.5 ಮಿಲಿಗ್ರಾಂ, ಅದೂ ಅದರೊಳಗೇ. ಬಾಂಗ್ಲಾದೇಶದಲ್ಲಿ ಕೆರೆಕುಂಟೆಗಳ ರೋಗಾಣುಗಳಿಂದ ಜನರನ್ನು ಉಳಿಸಲೆಂದು 1970ರ ದಶಕದಿಂದ ಲಕ್ಷಾಂತರ ಕೊಳವೆಬಾವಿಗಳನ್ನು ತೋಡಿದರು. ನೀರು ತಿಳಿಯಾಗಿತ್ತು. ಅದರಲ್ಲಿ ಆರ್ಸೆನಿಕ್ ಇದೆ ಎಂದು 1990ರ ದಶಕದಲ್ಲಿ ಪತ್ತೆಯಾಗುವ ಹೊತ್ತಿಗೆ ಜನರ ಅಂಗೈ, ಅಂಗಾಲುಗಳಲ್ಲಿ ಗಂಟು ಎದ್ದಿದ್ದವು.

ರೋಗಾಣುಗಳ ಮಾತು ಬಿಡಿ, ಅವು ಕರಗಿದ ಲವಣವೇ ಅಲ್ಲ. 2000ನೇ ಇಸವಿಯ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಊರಿನಲ್ಲಿ ಜೋರು ಮಳೆಗೆ ದನದ ಸಗಣಿ ಕೊಚ್ಚಿಕೊಂಡು ಬಂದು ಕುಡಿಯುವ ನೀರಿನ ಬಾವಿಗೆ ಸೇರಿತು. ಸಗಣಿಯಲ್ಲಿದ್ದ ಇ-ಕೋಲಿ ಎಂಬ ಬ್ಯಾಕ್ಟೀರಿಯಾದಿಂದ 2,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 7 ಮಂದಿ ತೀರಿಕೊಂಡರು. ರುಚಿಯೂ ನಂಬಿಕೆಗೆ ಯೋಗ್ಯವಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಕಾಲರಾ ಹಬ್ಬಿದಾಗ, ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆಯೂ ಸತ್ತಳು. ವೈದ್ಯ ಜಾನ್ ಸ್ನೋ ವಿಚಾರಿಸಿದಾಗ ತಿಳಿದದ್ದು: ಆ ಪಂಪಿನ ನೀರು ಅವಳಿಗೆ ತುಂಬ ಇಷ್ಟ, ದಿನಾ ಒಂದು ದೊಡ್ಡ ಸೀಸೆ ತುಂಬಿಸಿ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದಳು.

ಇನ್ನೊಂದು ಕಡೆಯಿಂದಲೂ ಈ ಅಂಕಿ ದಾರಿ ತಪ್ಪಿಸುತ್ತದೆ. ನೀರನ್ನು ಚೆನ್ನಾಗಿ ಕುದಿಸಿ, ರೋಗಾಣು ಸಾಯುತ್ತವೆ, ಟಿಡಿಎಸ್ ಅಷ್ಟಾಗಿ ಕದಲುವುದಿಲ್ಲ. ಗಡಸು ನೀರಾದರೆ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟಿ ಸ್ವಲ್ಪ ಇಳಿಯಬಹುದು, ಅಷ್ಟೇ. ರೋಗಾಣು ಕೊಲ್ಲುವ ಯುವಿ (ನೇರಳಾತೀತ) ದೀಪ ಹಾಕಿದರೂ ಅಂಕಿ ಅದೇ. ನೀರು ಮೆದುಮಾಡುವ ಯಂತ್ರ ಕ್ಯಾಲ್ಸಿಯಂ ತೆಗೆದು ಅದರ ಜಾಗದಲ್ಲಿ ಸೋಡಿಯಂ ಇಡುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಮೀಟರ್ ಮಾತ್ರ ಹೆಚ್ಚು ಕಡಿಮೆ ಹಳೇ ಅಂಕಿಯನ್ನೇ ತೋರಿಸುತ್ತದೆ. ಇದನ್ನು ನೋಡಿ "ಏನೂ ಪ್ರಯೋಜನ ಆಗಿಲ್ಲ" ಅಂತ ಆರ್‌ಒ ತಂದು ಕೂರಿಸುವವರಿದ್ದಾರೆ. ಮನೆಯ ಆರ್‌ಒ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಚೆಲ್ಲುವುದು ಸಾಮಾನ್ಯ. ಮೂಲದಲ್ಲೇ 200 ಇರುವ, ಬೇರೆ ದೋಷವಿಲ್ಲದ ನೀರಿಗೆ ಇಷ್ಟು ಚೆಲ್ಲುವುದು ನನಗಂತೂ ಒಪ್ಪಿಗೆಯಾಗದ ಮಾತು.

ಹಗುರ ನೀರಿನಿಂದ ನಷ್ಟವಿಲ್ಲ ಎಂಬ ಲೆಕ್ಕ ಹೊಟ್ಟೆತುಂಬ, ಬಗೆಬಗೆಯಾಗಿ ತಿನ್ನುವವರಿಗೆ ಸರಿ. ತಿನ್ನುವುದೇ ಕಡಿಮೆ ಇದ್ದವರಿಗೆ ಆ ಹತ್ತನೇ ಒಂದು ಪಾಲೂ ಬೇಕು. ಮೆಗ್ನೀಸಿಯಂ ಕಡಿಮೆ ಇರುವ ನೀರಿಗೂ ಹೃದಯದ ಕಾಯಿಲೆಗೂ ನಂಟು ಇರಬಹುದು ಎಂದು ಹಲವು ಅಧ್ಯಯನಗಳು ಸೂಚಿಸಿವೆ. ಕಾರಣ ಅದೇ ಎಂದು ಸಾಬೀತಾಗಿಲ್ಲ ಅನ್ನುವುದೂ ನಿಜ. ಕೊಳವೆಗಳ ಮಟ್ಟಿಗೆ ಮಾತ್ರ ಅನುಮಾನವೇ ಇಲ್ಲ. ಲವಣ ತೆಗೆದ ನೀರು ಲೋಹವನ್ನು ತಿನ್ನುತ್ತದೆ. ಅದಕ್ಕೇ ಸಮುದ್ರದ ನೀರು ಸಿಹಿ ಮಾಡುವ ದೊಡ್ಡ ಘಟಕಗಳು ಕೊಳವೆಗೆ ಬಿಡುವ ಮುಂಚೆ ಸುಣ್ಣದ ಅಂಶವನ್ನು ಮತ್ತೆ ಸೇರಿಸುತ್ತವೆ. ಹಾಗಂತ ಕೊಳವೆ ತಿನ್ನಲು ನೀರು ಹಗುರವಾಗಿಯೇ ಇರಬೇಕೆಂದಿಲ್ಲ. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರ ಏಪ್ರಿಲ್‌ನಲ್ಲಿ ನೀರಿನ ಮೂಲ ಬದಲಾಯಿಸಿದರು. ಹೊಸ ನದಿ ನೀರಿನಲ್ಲಿ ಕ್ಲೋರೈಡ್ ಜಾಸ್ತಿ ಇತ್ತು, ತುಕ್ಕು ತಡೆಯುವ ಔಷಧಿ ಬೆರೆಸಲಿಲ್ಲ. ಹಳೇ ಕೊಳವೆಗಳ ಸೀಸ ಮನೆಮನೆಯ ನಲ್ಲಿಗೆ ಇಳಿಯಿತು. ಸೀಸದ ಮಿತಿಯೂ 0.01 ಮಿಲಿಗ್ರಾಂ. ಯಾವ ಟಿಡಿಎಸ್ ಮೀಟರಿಗೂ ಅದು ಸಿಕ್ಕುತ್ತಿರಲಿಲ್ಲ.

ಹಾಗಾದರೆ ಮಾಡುವುದೇನು? ಬಾವಿ ಅಥವಾ ಕೊಳವೆಬಾವಿ ನೀರಾದರೆ ಒಂದು ಸಲ ಪ್ರಯೋಗಾಲಯಕ್ಕೆ ಕೊಡಿ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಕಬ್ಬಿಣ, ಗಡಸುತನ, ಇ-ಕೋಲಿ, ಇಷ್ಟನ್ನಾದರೂ ಹೆಸರು ಹೇಳಿ ಕೇಳಿ. ಇ-ಕೋಲಿ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಹಳೇ ಕೊಳವೆಯ ಮನೆಯಾದರೆ ಸೀಸವನ್ನೂ ಸೇರಿಸಿ. ಅದಕ್ಕೆ ರಾತ್ರಿಯಿಡೀ ಕೊಳವೆಯಲ್ಲಿ ನಿಂತ ಬೆಳಗಿನ ಮೊದಲ ನೀರನ್ನೇ ಹಿಡಿಯಬೇಕು. ರೋಗಾಣು ಪರೀಕ್ಷೆಗೆ ಕೈಗೆ ಸಿಕ್ಕ ಬಾಟಲಿ ಆಗದು, ಪ್ರಯೋಗಾಲಯದವರೇ ಕೊಡುವ ಶುದ್ಧೀಕರಿಸಿದ ಬಾಟಲಿ ಬೇಕು. ಮುಚ್ಚಳದ ಒಳಭಾಗ ಮುಟ್ಟಬೇಡಿ, ತಣ್ಣಗಿಟ್ಟು 24 ಗಂಟೆಯೊಳಗೆ ತಲುಪಿಸಿ. ಆರ್ಸೆನಿಕ್, ಫ್ಲೋರೈಡ್ ಬಂಡೆಯಿಂದ ಬರುವಂಥವು, ಸಾಮಾನ್ಯವಾಗಿ ದಿಢೀರನೆ ಬದಲಾಗುವುದಿಲ್ಲ. ರೋಗಾಣು, ನೈಟ್ರೇಟ್ ಹಾಗಲ್ಲ. ಅವನ್ನು ಮಳೆಗಾಲ ಶುರುವಾದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು, ಮೀಟರಿನ ಅಂಕಿ ಕದಲದೇ ಇದ್ದರೂ.