ನಕಲಿ ಅಶ್ಲೀಲ ವಿಡಿಯೊಗೂ ಪ್ರಕರಣ ದಾಖಲಾಗುತ್ತದೆ: ಒಂದು ಸ್ಪಷ್ಟನೆ

'ಕೃತಕ ಬುದ್ಧಿಮತ್ತೆಯಿಂದ ಮಾಡಿದ ಅಶ್ಲೀಲ ವಿಡಿಯೊ ನಿಜವಲ್ಲ. ಹಾಗಾಗಿ ಪೊಲೀಸರು ದೂರು ತೆಗೆದುಕೊಳ್ಳುವುದಿಲ್ಲ. ಫಾರ್ವರ್ಡ್ ಮಾಡಿದವರಿಗಂತೂ ಏನೂ ಆಗುವುದಿಲ್ಲ' ಎಂಬ ಸಂದೇಶ ಬಳ್ಳಾರಿಯ ಕೆಲವು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಒಬ್ಬ ಹೆಣ್ಣುಮಗಳು ಠಾಣೆಯ ಮೆಟ್ಟಿಲು ಹತ್ತದೆ ಉಳಿದರೂ ಅದು ಅನ್ಯಾಯವೇ.

ಡೀಪ್‌ಫೇಕ್‌ಗೆಂದೇ (ಕೃತಕ ಬುದ್ಧಿಮತ್ತೆಯಿಂದ ಮಾಡಿದ ಇಂತಹ ನಕಲಿ ವಿಡಿಯೊ, ಚಿತ್ರಗಳಿಗೆ) ಪ್ರತ್ಯೇಕ ದಂಡ ಕಾಯ್ದೆ ನಮ್ಮಲ್ಲಿಲ್ಲ ಎಂಬುದು ನಿಜ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 67ಎ ಕಲಮು ಲೈಂಗಿಕ ಕ್ರಿಯೆಯುಳ್ಳ ವಿಷಯವನ್ನು ಪ್ರಕಟಿಸುವುದು, ರವಾನಿಸುವುದು ಎರಡನ್ನೂ ಅಪರಾಧವೆನ್ನುತ್ತದೆ. ದೃಶ್ಯ ಅಸಲಿಯಾಗಿರಬೇಕೆಂಬ ಷರತ್ತು ಅದರಲ್ಲಿಲ್ಲ. ಮೊದಲ ಬಾರಿ ಶಿಕ್ಷೆಯಾದರೆ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಫಾರ್ವರ್ಡ್ ಮಾಡುವುದೂ ರವಾನೆಯೇ. 18 ತುಂಬದವರ ಚಿತ್ರವಾದರೆ 67ಬಿ ಅನ್ವಯಿಸುತ್ತದೆ. ಅಲ್ಲಿ ತಯಾರಿಸುವುದು, ಸಂಗ್ರಹಿಸುವುದು ಕೂಡ ಅಪರಾಧ. ವಯಸ್ಕರ ಚಿತ್ರವನ್ನು ತಯಾರಿಸಿ ಯಾರಿಗೂ ಕಳುಹಿಸದವನ ವಿಷಯದಲ್ಲಿ 67ಎ ಇಷ್ಟು ಸ್ಪಷ್ಟವಾಗಿಲ್ಲ. ಈ ಕೊರತೆಯನ್ನು ಶಾಸನವೇ ತುಂಬಬೇಕು.

ತಿರುಚಿದ ಚಿತ್ರಗಳ ಬಗ್ಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ನೇರವಾಗಿಯೇ ಹೇಳಿವೆ. ಸಂತ್ರಸ್ತರು ದೂರು ಕೊಟ್ಟರೆ 24 ಗಂಟೆಯೊಳಗೆ ಅವನ್ನು ತೆಗೆಯುವ ಹೊಣೆಯನ್ನು ಆಗಲೇ ಜಾಲತಾಣ ಸಂಸ್ಥೆಗಳ ಮೇಲೆ ಹೊರಿಸಲಾಗಿತ್ತು.

ದೂರನ್ನು ಬಳ್ಳಾರಿಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಕೊಡಬಹುದು. ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರಲು ಅವಕಾಶವಿದೆ. ಗಾಬರಿಯಲ್ಲಿ ಸಂದೇಶಗಳನ್ನು ಅಳಿಸಬೇಡಿ. ಲಿಂಕ್, ಖಾತೆಯ ಹೆಸರು, ಕಳುಹಿಸಿದ ಮೊಬೈಲ್ ಸಂಖ್ಯೆ, ದಿನಾಂಕ ಬರೆದಿಟ್ಟುಕೊಂಡು ಹೋಗಿ.