ಒಂಟಿ ಗಂಡಿಗೆ ರಾಜ್ಯವಿಲ್ಲ

ಬಲಿಷ್ಠ ಸಿಂಹ ಒಂಟಿಯಾಗಿ ಗುಂಪನ್ನು ಆಳುತ್ತದೆ, ಹೊಸ ಗಂಡುಗಳು ಮರಿ ಕೊಲ್ಲುವುದು ಬರೀ ಕ್ರೌರ್ಯ ಎಂದು ಸಿಂಹಗಳ ಬಗೆಗಿನ ಒಂದು ಲೇಖನದಲ್ಲಿ ಉಂಟು. ಒಂಟಿ ಬಾಳು ನಮ್ಮ ಕಾಸರಗೋಡಿನ ಮುಳಿಯಾರು, ಕಾರಡ್ಕ ಕಡೆ ಸುಳಿದಾಡುವ ಚಿರತೆಗೆ ಸರಿ, ಸಿಂಹಕ್ಕಲ್ಲ. ಆಫ್ರಿಕಾದ ಸೆರೆಂಗೆಟಿ ಹುಲ್ಲುಗಾವಲಿನಲ್ಲಿ ಒಂಟಿ ಗಂಡಿಗೆ ಹೆಣ್ಣುಗಳ ಗುಂಪು ಸಿಗುವುದೇ ಅಪರೂಪ, ಸಿಕ್ಕಿದರೂ ಹೆಚ್ಚು ಕಾಲ ಉಳಿಯುವುದಿಲ್ಲ. ಎರಡು ಮೂರು ಗಂಡುಗಳ ಕೂಟದಲ್ಲಿ ಸಂಬಂಧವಿಲ್ಲದ್ದೂ ಸೇರಿಕೊಳ್ಳಬಹುದು. ನಾಲ್ಕು ದಾಟಿತೋ, ಅವೆಲ್ಲ ಒಂದೇ ಗುಂಪಿನಲ್ಲಿ ಬೆಳೆದ ಅಣ್ಣತಮ್ಮಂದಿರು, ದಾಯಾದಿಗಳು. ದೊಡ್ಡ ಕೂಟದಲ್ಲಿ ಕೆಲವಕ್ಕೆ ಸ್ವಂತ ಮರಿಯೇ ಆಗುವುದಿಲ್ಲ. ಹುಟ್ಟಿದ್ದು ಒಡಹುಟ್ಟಿದವನ ಮರಿಯಾದರೆ, ಅದೂ ತನ್ನದೇ ರಕ್ತವಾದ್ದರಿಂದ, ಆ ನಷ್ಟ ತಕ್ಕಮಟ್ಟಿಗೆ ತುಂಬುತ್ತದೆ.

ಗುಂಪನ್ನು ವಶಪಡಿಸಿಕೊಂಡ ಹೊಸ ಗಂಡುಗಳು ಹಿಂದಿನ ಗಂಡುಗಳ ಮರಿ ಕೊಲ್ಲುವುದನ್ನು ಬರೀ ಕ್ರೌರ್ಯ ಎಂದದ್ದೂ ಸರಿಯಲ್ಲ. ಗುಂಪು ಅವುಗಳ ಕೈಯಲ್ಲಿರುವುದು ಹೆಚ್ಚಾಗಿ ಎರಡು ಮೂರು ವರ್ಷ. ಮರಿಗಳು ಬದುಕಿದ್ದರೆ ತಾಯಿ ಮತ್ತೆ ಈಯಲು ಸುಮಾರು 2 ವರ್ಷ ಬೇಕು. ಮರಿಗಳು ಸತ್ತರೆ ತಾಯಿ ಬೇಗನೆ ಬೆದೆಗೆ ಬರುತ್ತದೆ, ಗರ್ಭ ಸುಮಾರು 110 ದಿನ; ಹೊಸ ಗಂಡಿಗೆ ತನ್ನ ಮರಿ ಬೇಗ ಆಗುತ್ತದೆ.

ಕೂಟದ ಸಂಖ್ಯೆ ಇಳಿಯಿತೋ, ನೆಲವೂ ಹೋಯಿತು. ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ವನ್ಯಧಾಮದಲ್ಲಿ ಆರು ಗಂಡುಗಳಿದ್ದ ಮಪೋಗೊ ಕೂಟಕ್ಕೆ 2010ರಿಂದ ಮಜಿಂಗಿಲಾನೆ ಎಂಬ ಇನ್ನೊಂದು ಕೂಟದೆದುರು ಆದದ್ದು ಅದೇ.

ಗಿರ್ ಕಾಡಿನ ಲೆಕ್ಕ ಬೇರೆ. ಅಲ್ಲಿ ಗಂಡುಗಳು ಹೆಣ್ಣುಗಳಿಂದ ಹೆಚ್ಚಾಗಿ ಪ್ರತ್ಯೇಕ. ಹೆಣ್ಣು ಹಲವು ಕೂಟಗಳೊಡನೆ ಕೂಡುವುದರಿಂದ ಮರಿ ಯಾರದೆಂದು ಗಂಡುಗಳಿಗೇ ಗೊತ್ತಾಗುವುದಿಲ್ಲ; ತನ್ನದೇ ಇರಬಹುದಾದ ಮರಿಯನ್ನು ಕೊಲ್ಲುವುದು ಕಡಿಮೆ.